ನಿಂದ್ಯಾಕಪ್ಪ, ಅದ್ರದ್ದು ಬೇಕು

ಭಾನುವಾರದಿಂದ ತಲೆಯಲ್ಲಿ ಒಂದೇ ಮಾತು ಓಡುತ್ತಿದೆ. "ನಿಂದ್ಯಾಕಪ್ಪ? ಅದು ನುಂಗೈತಲ್ಲ, ಅದ್ರದ್ದು ಬೇಕು ನಂಗೆ."

ಹೇಳಿದ್ದು ಮಧುಗಿರಿ ಕಡೆಯ ಒಂದು ಹಳ್ಳಿಯ ಅಜ್ಜಿ. ಕೇಳಿಸಿಕೊಂಡವನು ನಾನು. ಅಂದರೆ, ಕಪ್ಪು ಕೋಟು, ಕೆಂಪು ಟೈ ಹಾಕಿಕೊಂಡು, ಥರ್ಮಾಕೋಲಿಗೆ 'ಸುದ್ದಿ' ಅಂತ ಅಂಟಿಸಿದ ಮೈಕು ಹಿಡಿದು, ಮಟಮಟ ಮಧ್ಯಾಹ್ನ ಬಿಸಿಲಲ್ಲಿ ನಿಂತಿದ್ದ ಸುಳ್ಳು ವರದಿಗಾರ. ವಾರವೆಲ್ಲ ತುಮಕೂರಿನಲ್ಲಿ ಒಬ್ಬ ಆಡಿಟರ್ ಆಫೀಸಿನಲ್ಲಿ ವೋಚರ್ ತಾಳೆ ನೋಡುತ್ತೇನೆ. ಭಾನುವಾರ ಮಾತ್ರ 'ನಮ್ಮ ಪ್ರತಿನಿಧಿ'. ಎರಡು ವರ್ಷದಿಂದ ಇದೇ ಕಥೆ. ಗೆಳೆಯನ ಬೈಕು, ಅವನ ಮೊಬೈಲೇ ಕ್ಯಾಮೆರಾ. ಪೆಟ್ರೋಲ್ ದುಡ್ಡು ಕೂಡ ಇನ್ನೂ ಸರಿಯಾಗಿ ಹುಟ್ಟಿಲ್ಲ. ಆದರೂ ಯಾರಾದರೂ ಕೇಳಿದರೆ 'ಕಾಮಿಡಿ ಮಾಡ್ತೀನಿ' ಅಂತಲೇ ಹೇಳುವುದು. ವೋಚರ್ ವಿಷಯ ಬಾಯಿಗೆ ಬರುವುದಿಲ್ಲ.

ಅವತ್ತಿನ ವಿಷಯ ಶುದ್ಧ ಕುಡಿಯುವ ನೀರಿನ ಘಟಕ. ನೀವೂ ನೋಡಿರುತ್ತೀರಿ. ನೀಲಿ ಬಣ್ಣದ ಶೆಡ್ಡು, ಗೋಡೆಗೆ ಒಂದು ಕಾಯಿನ್ ಬಾಕ್ಸ್, ಕೆಳಗೊಂದು ನಲ್ಲಿ. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನು ತುಂಬಬೇಕು. ನಮ್ಮ ಕಡೆ ಇದು ಶೋಕಿಗೆ ಇಟ್ಟದ್ದಲ್ಲ. ಬೋರಿನ ನೀರಲ್ಲಿ ಫ್ಲೋರೈಡ್ ಜಾಸ್ತಿ. ಹುಡುಗರ ಹಲ್ಲು ಕಂದು ಕಟ್ಟುತ್ತದೆ, ವಯಸ್ಸಾದವರ ಮೂಳೆ ಹಿಡಿದುಕೊಳ್ಳುತ್ತದೆ. ಆ ಊರಿನ ಘಟಕಕ್ಕೆ ಬೀಗ ಇರಲಿಲ್ಲ, ಬೋರ್ಡು ಹೊಸದಾಗಿತ್ತು, ನೀರು ಮಾತ್ರ ಇರಲಿಲ್ಲ.

ನಾನು ಬರೆದುಕೊಂಡು ಹೋಗಿದ್ದ ಸಾಲು ಹೀಗಿತ್ತು: "ಇದು ಇಡೀ ಜಿಲ್ಲೆಯಲ್ಲೇ ಅತಿ ಶುದ್ಧ ಘಟಕ. ಒಂದು ಹನಿ ಕೊಳೆ ಇಲ್ಲ. ಯಾಕೆಂದರೆ ಒಂದು ಹನಿ ನೀರೂ ಇಲ್ಲ." ಪರವಾಗಿಲ್ಲ ಅಲ್ವಾ? ನನಗೂ ಹಾಗೇ ಅನಿಸಿತ್ತು, ಅಜ್ಜಿ ಬರುವ ತನಕ.

ಮೂರನೇ ಟೇಕಿನ ಹೊತ್ತಿಗೆ ಒಬ್ಬ ಬೈಕಿನಲ್ಲಿ ಬಂದ. ಪಂಚಾಯಿತಿ ಸದಸ್ಯರೊಬ್ಬರ ಕಡೆಯವನಂತೆ. "ಯಾವ ಚಾನೆಲ್ಲು?" ಅಂದ. ಉತ್ತರಕ್ಕೂ ಕಾಯಲಿಲ್ಲ, ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತುಬಿಟ್ಟ. ಇಂಥವರು ಸಿಕ್ಕರೆ ನನ್ನ ಕೆಲಸ ಅರ್ಧ ಮುಗಿದಂತೆ. "ಮೋಟರ್ ರಿಪೇರಿಗೆ ಹೋಗೈತೆ ಸಾರ್." "ಯಾವಾಗ?" "ಮೊನ್ನೆ."

ಹಿಂದಿನಿಂದ ದನಿ ಬಂತು. "ಯಾವ ಮೊನ್ನೆನೋ? ಗೌರಿ ಹಬ್ಬದ ಮೊನ್ನೆನಾ?"

ಕಂಕುಳಲ್ಲಿ ಖಾಲಿ ಕೊಡ. ಪ್ಲಾಸ್ಟಿಕ್ಕಿನದು, ಬಾಯಿ ಅಂಚು ಸೀಳಿ, ಅದಕ್ಕೆ ಟಾರು ಮೆತ್ತಿತ್ತು. ನನ್ನ ಕೋಟಿನ ಕಡೆ ಒಂದು ಸಲ ನೋಡಿ, ಸೀದಾ ಲೆಕ್ಕಕ್ಕೆ ಬಂದಳು. ಒಂದು ದಿನ ಐದು ರೂಪಾಯಿ ಹಾಕಿದಳಂತೆ, ನುಂಗಿತು. ಕೈ ತಪ್ಪಿರಬೇಕು ಅಂತ ಮಾರನೇ ದಿನ ಹಾಕಿದಳು, ನುಂಗಿತು. ಕರೆಂಟ್ ಇರಲಿಲ್ಲವೇನೋ ಅಂತ ಇನ್ನೊಂದು ದಿನ. ಮೊಮ್ಮಗ ಹಾಕಿದರೆ ಬರಬಹುದು ಅಂತ ಅವನ ಕೈಲಿ ಇನ್ನೊಂದು. ಒಟ್ಟು ಇಪ್ಪತ್ತು.

"ಬರ್ತದಾ?" ಅಂದಳು.

ನೀರು ಅಂದುಕೊಂಡೆ. "ಬರುತ್ತೆ ಅಜ್ಜಿ, ಮೋಟರ್ ಬಂದಮೇಲೆ."

"ನೀರಲ್ಲಪ್ಪ. ದುಡ್ಡು."

ಈಗ ನಾನು ಮಾಡಿದ ಕೆಲಸಕ್ಕೆ ನಾಚಿಕೆ ಆಗುತ್ತದೆ. ಜೇಬಿನಿಂದ ಇಪ್ಪತ್ತರ ನೋಟು ತೆಗೆದು ಕೊಡಲು ಹೋದೆ. ಕ್ಯಾಮೆರಾ ಓಡುತ್ತಲೇ ಇತ್ತು. ಅವಳು ನೋಟನ್ನು ಮುಟ್ಟಲೂ ಇಲ್ಲ. ಕೋಪ ಇರಲಿಲ್ಲ, ಸ್ವಾಭಿಮಾನದ ಭಾಷಣವೂ ಇರಲಿಲ್ಲ. ಅಂಗಡಿಯವನು ತಪ್ಪು ಸಾಮಾನು ಕೊಟ್ಟರೆ ಹೇಳುತ್ತೇವಲ್ಲ, ಆ ಥರ ಹೇಳಿದಳು.

"ನಿಂದ್ಯಾಕಪ್ಪ? ಅದು ನುಂಗೈತಲ್ಲ, ಅದ್ರದ್ದು ಬೇಕು ನಂಗೆ."

ಬೈಕಿನವನು ನಕ್ಕ. ನಾನು ನಗಲಿಲ್ಲ. ನನ್ನ ಪಾತ್ರ ನಗುವ ಹಾಗಿಲ್ಲ, ಅದಕ್ಕೆ. ಇಲ್ಲದಿದ್ದರೆ ನಗುತ್ತಿದ್ದೆನೋ ಏನೋ.

ಈ ಕೆಲಸದ ಮೊದಲ ಪಾಠವೇ ಅದು, ಮುಖ ಗಂಟು ಹಾಕಿಕೊಂಡಿರುವುದು. ನಾನು ಕಲಿತದ್ದೆಲ್ಲ ಅಮೆರಿಕದ 'ಡೈಲಿ ಶೋ' ನೋಡಿ, ಕದ್ದು. 1996ರಲ್ಲಿ ಶುರುವಾದ ಸುಳ್ಳು ಸುದ್ದಿಯ ಕಾರ್ಯಕ್ರಮ ಅದು. ಸ್ಟೀವ್ ಕರೆಲ್, ಸ್ಟೀಫನ್ ಕೋಲ್ಬೇರ್, ಜಾನ್ ಆಲಿವರ್ ಎಲ್ಲ ಅಲ್ಲಿ ವರದಿಗಾರರ ವೇಷ ಹಾಕಿಯೇ ಮೇಲೆ ಬಂದವರು. ಸಮಾಂತಾ ಬೀ 2003ರಿಂದ 2015ರವರೆಗೆ, ಅಂದರೆ ಹನ್ನೆರಡು ವರ್ಷ ಅದೇ ವೇಷದಲ್ಲಿದ್ದರು. ನನ್ನ ಎರಡು ವರ್ಷದ ಗೊಣಗಾಟ ಅದರ ಮುಂದೆ ಏನೂ ಅಲ್ಲ ಬಿಡಿ.

ನನಗೆ ಅವರೆಲ್ಲರಿಗಿಂತ ಹತ್ತಿರದವರು ಆಸಿಫ್ ಮಾಂಡ್ವಿ. ಹುಟ್ಟಿದ್ದು ಮುಂಬೈ, ಬೆಳೆದದ್ದು ಇಂಗ್ಲೆಂಡ್. 2013ರಲ್ಲಿ ನಾರ್ತ್ ಕೆರೊಲೈನಾದಲ್ಲಿ ರಿಪಬ್ಲಿಕನ್ ಪಕ್ಷದ ಒಬ್ಬ ಸ್ಥಳೀಯ ಪದಾಧಿಕಾರಿಯನ್ನು ಮಾತಾಡಿಸಿದರು. ವಿಷಯ, ಮತ ಹಾಕಲು ಗುರುತಿನ ಚೀಟಿ ಕಡ್ಡಾಯ ಮಾಡುವ ಕಾನೂನು. ಆತ ಕಪ್ಪು ಜನರ ಬಗ್ಗೆ ಬಾಯಿಗೆ ಬಂದದ್ದು ಆಡುತ್ತಾ ಹೋದ. ಕೊನೆಗೆ ಮಾಂಡ್ವಿ ಕೇಳಿದ್ದು ಇಷ್ಟೇ: ನೀವು ಮಾತಾಡ್ತಿರೋದು ನಮಗೆ ಕೇಳಿಸ್ತಿದೆ, ಗೊತ್ತು ತಾನೆ? ಗೊತ್ತು ಅಂದ ಪುಣ್ಯಾತ್ಮ! ಪ್ರಸಾರ ಆದಮೇಲೆ ಹುದ್ದೆ ಹೋಯಿತು. ಅದರಲ್ಲಿ ಜೋಕೇ ಇಲ್ಲ, ನೋಡಿ. ಸುಮ್ನೆ ಮೈಕು ಹಿಡಿದು ನಿಂತರೆ ಸಾಕು, ಎದುರಿನವನೇ ಹಗ್ಗ ತಂದುಕೊಡುತ್ತಾನೆ.

ಆದರೆ ಎದುರಿಗೆ ಪದಾಧಿಕಾರಿ ಇದ್ದರೆ ಸರಿ. ಟಾರು ಮೆತ್ತಿದ ಕೊಡ ಹಿಡಿದ ಅಜ್ಜಿ ಇದ್ದರೆ?

ಸೋಮವಾರ ರಾತ್ರಿ ಎಡಿಟಿಂಗಿಗೆ ಕೂತೆವು. ನಲವತ್ತು ನಿಮಿಷದ ಶೂಟಿಂಗಲ್ಲಿ ಅಜ್ಜಿಯ ಎರಡು ನಿಮಿಷವೇ ಜೀವ. ನನ್ನ 'ಅತಿ ಶುದ್ಧ ಘಟಕ' ಅವಳ ಮುಂದೆ ನೀರಿಳಿಯದ ಗಂಟಲಿನಲ್ಲಿ ತುರುಕಿದ ಕಡುಬಿನ ಹಾಗಿತ್ತು. ಗೆಳೆಯ ಆ ಜಾಗವನ್ನು ಮತ್ತೆ ಮತ್ತೆ ಓಡಿಸಿದ. "ನಿಂದ್ಯಾಕಪ್ಪ?" ನಿಲ್ಲಿಸಿದ. ಹಿಂದಕ್ಕೆ ಎಳೆದ. "ನಿಂದ್ಯಾಕಪ್ಪ?" ಏಳೆಂಟು ಸಲ ಆದಮೇಲೆ ನನಗೆ ಅವಳ ಮುಖ ಬಿಟ್ಟು ನನ್ನ ಕೈ ಕಾಣಲು ಶುರುವಾಯಿತು. ನೋಟು ಹಿಡಿದು ಚಾಚಿದ ಕೈ. ಬೆಳ್ಳಗೆ, ವಾಚು ಕಟ್ಟಿಕೊಂಡು, ಅರ್ಧದಲ್ಲೇ ನಿಂತಿದೆ. ಮುಂದೆ ಹೋಗಲೂ ಆಗದೆ ಹಿಂದೆ ಬರಲೂ ಆಗದೆ.

"ಇದನ್ನ ಕತ್ತರಿಸೋದು ಬೇಡ," ಅಂದೆ. "ನನ್ನ ಕೈ ಇರಲಿ."

ಅವನಿಗೆ ಅದರ ಚಿಂತೆಯೇ ಇರಲಿಲ್ಲ. ಅವನ ತಲೆಯಲ್ಲಿ ಬೇರೆ ಇತ್ತು. "ಇಪ್ಪತ್ತು ರೂಪಾಯಿಗೆ ಪಂಚ್ ಇಲ್ಲ ಮಗಾ. ವಾಯ್ಸ್ ಓವರಲ್ಲಿ ಇನ್ನೂರು ಅನ್ನು. ಯಾರು ಲೆಕ್ಕ ಕೇಳ್ತಾರೆ? ನಾವೇನು ನಿಜವಾದ ಚಾನೆಲ್ಲಾ?"

ಅವನು ಕೆಟ್ಟವನಲ್ಲ. ಎಷ್ಟು ಜನ ನೋಡಿದರು ಅನ್ನುವುದೊಂದೇ ಅವನ ತಕ್ಕಡಿ, ಅಷ್ಟೆ. ಆದರೆ ಯಾರು ಲೆಕ್ಕ ಕೇಳುತ್ತಾರೆ ಅನ್ನುವ ಮಾತನ್ನು ಆಡಿಟರ್ ಆಫೀಸಿನವನ ಮುಂದೆ ಆಡಬಾರದಿತ್ತು.

ನನಗೆ ಹಸನ್ ಮಿನ್ಹಾಜ್ ನೆನಪಾದ. ಅವನೂ 2014ರಲ್ಲಿ ಅದೇ ಡೈಲಿ ಶೋಗೆ ವರದಿಗಾರನಾಗಿ ಸೇರಿದವನು. ಆಮೇಲೆ ಸ್ವಂತ ಕಾರ್ಯಕ್ರಮ, ದೊಡ್ಡ ಹೆಸರು. 2023ರಲ್ಲಿ ನ್ಯೂಯಾರ್ಕರ್ ಪತ್ರಿಕೆ ಅವನ ಸ್ಟೇಜ್ ಕಥೆಗಳನ್ನು ಕೆದಕಿತು. ತನಗೇ ಆಯ್ತು ಅಂತ ಹೇಳಿದ್ದ ಕೆಲವು ಘಟನೆ ಹಾಗೆ ಆಗಿರಲೇ ಇಲ್ಲ. ಭಾವನೆ ನಿಜ, ಹಾಗಾಗಿ ಸರಿ ಅನ್ನುವ ಥರ ಸಮಜಾಯಿಷಿ ಕೊಟ್ಟ. ಡೈಲಿ ಶೋ ನಡೆಸುವ ಕುರ್ಚಿಗೆ ಅವನ ಹೆಸರು ಆಗ ಮುಂದಿತ್ತು. ಅದು ಕೈತಪ್ಪಿತು. ಅವನ ಮೇಲೆ ಸಿಟ್ಟಿಗಿಂತ ನನಗೆ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಅವನ ಜನಕ್ಕೆ, ಅಂದರೆ ಅಮೆರಿಕದ ಮುಸ್ಲಿಮರಿಗೆ, ನಿಜವಾಗಿಯೂ ಆದದ್ದೇ ಬೇಕಾದಷ್ಟಿತ್ತು. ಇನ್ನು ಮೇಲೆ ಅದನ್ನು ಹೇಳಿದರೂ 'ಇದೂ ಭಾವನೆಯೇನಪ್ಪ?' ಅಂತ ಕೇಳುವವರಿಗೆ ಒಂದು ನೆಪ ಸಿಕ್ಕಿತಲ್ಲ.

ಇದನ್ನೇ ಗೆಳೆಯನಿಗೆ ಹೇಳಿದೆ. ನನ್ನ ಕೋಟು ಸುಳ್ಳು, ಮೈಕು ಸುಳ್ಳು, ಮುಖ ಸುಳ್ಳು. ಹಾಗಿರುವಾಗ ಅಂಕಿನೂ ಸುಳ್ಳಾದರೆ ಇನ್ನೇನು ಉಳಿಯಿತು? ಇನ್ನೂರು ಅಂದರೆ ಬೈಕಿನವನು ನಾಳೆ 'ನೋಡಿ, ಸುಳ್ಳು' ಅಂತ ಕೈಕೊಡವಿ ಹೋಗುತ್ತಾನೆ. ಇಪ್ಪತ್ತು ಅಂದರೆ ಅವನಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಅದೂ ಅಲ್ಲದೆ ಆ ಅಜ್ಜಿ ಇನ್ನೂರು ಕೇಳೇ ಇಲ್ಲ. ನೋಟು ಮುಂದೆ ಹಿಡಿದರೂ ಬೇಡ ಅಂದವಳ ಬಾಯಲ್ಲಿ ನಾವು ಹತ್ತು ಪಟ್ಟು ಕೇಳಿಸುವುದಾ?

"ಭಾಷಣ ಸಾಕು, ಎಷ್ಟು ಅಂತ ಹೇಳು," ಅಂದ.

ಒಂದು ವಿಷಯ ಬಿಟ್ಟೆ. ಹಾಸ್ಯ ಬರೆಯುವವರು ನಮ್ಮಲ್ಲೂ ಹೊಟ್ಟೆಪಾಡಿಗೆ ಬೇರೆ ಕೆಲಸ ಇಟ್ಟುಕೊಂಡೇ ಬಂದವರು. 1942ರಲ್ಲಿ 'ಕೊರವಂಜಿ' ಹಾಸ್ಯ ಪತ್ರಿಕೆ ಶುರುಮಾಡಿದ ರಾಶಿ ವೃತ್ತಿಯಿಂದ ಡಾಕ್ಟರು. ಮನೆಯಲ್ಲಿ "ಯಾವಾಗ ಬಿಡ್ತೀಯ ಈ ಹುಚ್ಚು?" ಅಂದಾಗಲೆಲ್ಲ ಅವರ ಹೆಸರು ಹೇಳಿ ಬಚಾವಾಗುತ್ತೇನೆ. "ಅವರು ಡಾಕ್ಟ್ರು ಕಣೋ, ನೀನು ವೋಚರ್ ಎಣಿಸೋನು," ಅನ್ನುತ್ತಾಳೆ ಅಮ್ಮ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ನಿನ್ನೆ ರಾತ್ರಿ ವಾಯ್ಸ್ ಓವರ್ ಮುಗಿಸಿದೆ. ಲೆಕ್ಕ ಇನ್ನೊಂದು ಸಲ ನೋಡಿಕೊಂಡಾಗ ಒಂದು ಐಟಂ ಬಿಟ್ಟುಹೋಗಿತ್ತು. ಅಜ್ಜಿ ಹೇಳಿದ್ದನ್ನು ನಂಬದೆ, ಕ್ಯಾಮೆರಾ ಮುಂದೆ ಗತ್ತಿನಿಂದ, "ಬನ್ನಿ, ಪರೀಕ್ಷೆ ಮಾಡೋಣ" ಅಂತ ನಾನೂ ಒಂದು ಐದರ ನಾಣ್ಯ ಹಾಕಿದ್ದೆ. ಒಳಗೆ ಠಣ್ ಅಂತ ಸದ್ದು ಬಂತು. ನಾವಿಬ್ಬರೂ ನಲ್ಲಿ ನೋಡುತ್ತಾ ನಿಂತೆವು. ಅವಳು ಅವತ್ತು ನಕ್ಕದ್ದು ಅದೊಂದೇ ಸಲ.

ಹಾಗಾಗಿ ವಿಡಿಯೋದಲ್ಲಿ ಇಪ್ಪತ್ತೈದು ಅಂತ ಹೇಳಿದ್ದೇನೆ.