ಕೈಗೆ ಕೊಡಿ ಮೇಡಂ

ಸೋಮವಾರ ಸಂಜೆಯಿಂದ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಕುಕ್ಕರ್ ಇಡುವಾಗ, ಬ್ಯಾಂಕಿನ ಕೌಂಟರಿನಲ್ಲಿ ಪಾಸ್‌ಬುಕ್ ತಿರುವಿ ಹಾಕುವಾಗ, ರಾತ್ರಿ ಗೇಟಿಗೆ ಬೀಗ ಹಾಕುವಾಗ, ಮತ್ತೆ ಮತ್ತೆ ಅದೇ.

"ಕೈಗೆ ಕೊಡಿ ಮೇಡಂ. ನೆಲಕ್ಕಿಟ್ರೆ ಇನ್ನೊಂದು ಗೀರು ಬೀಳ್ತದೆ."

ಇಷ್ಟೇ. ಗದರಿದ್ದಲ್ಲ, ಕೊಂಕೂ ಇರಲಿಲ್ಲ. ಹೇಳಿದವರು ನಮ್ಮ ಬಸ್ ಸ್ಟಾಪಿನ ಚಪ್ಪಲಿ ಹೊಲಿಯುವವರು. ತಲೆ ಎತ್ತಿ ನನ್ನ ಮುಖ ಸಹ ನೋಡಲಿಲ್ಲ. ಯಾರದೋ ಶಾಲೆ ಶೂಗೆ ದಾರ ಎಳೆಯುತ್ತಾ ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿದ್ದರು, ಅಷ್ಟೇ. ನಾನು ಆಗಲೇ ಬಗ್ಗಿ ಬ್ಯಾಗನ್ನು ಅವರ ಮುಂದಿನ ಗೋಣಿಚೀಲದ ಮೇಲೆ ಇಡುವುದರಲ್ಲಿದ್ದೆ. ಅರ್ಧ ಬಗ್ಗಿದವಳು ಹಾಗೇ ನಿಂತೆ.

ಬ್ಯಾಗು ಕಂದು ಬಣ್ಣದ್ದು. ಆರು ವರ್ಷದ ಹಿಂದೆ ಲಿಡ್ಕರ್ ಅಂಗಡಿಯಲ್ಲಿ ತೆಗೆದುಕೊಂಡದ್ದು. 1976ರಲ್ಲಿ ನಮ್ಮ ಸರ್ಕಾರ ಚರ್ಮದ ಕೆಲಸದವರಿಗಾಗಿ ಶುರು ಮಾಡಿದ ನಿಗಮ ಅದು. ಹೆಸರು ಕೇಳಿದರೆ ಜನ "ಅಲ್ಲೂ ಲೇಡೀಸ್ ಬ್ಯಾಗ್ ಸಿಗುತ್ತಾ?" ಅನ್ನುತ್ತಾರೆ. ಸಿಗುತ್ತೆ. ಆರು ವರ್ಷದಲ್ಲಿ ಒಂದು ಹೊಲಿಗೆ ಬಿಟ್ಟಿಲ್ಲ. ಟಿಫನ್ ಡಬ್ಬಿ, ಛತ್ರಿ, ಅರ್ಧ ಕೆಜಿ ಬೀನ್ಸ್, ಎಲ್ಲ ಹೊತ್ತಿದೆ.

ಹೋದ ವಾರ ಮದುವೆಗೆ ಹೋದಾಗ ಛತ್ರದ ಪಾರ್ಕಿಂಗಿನಲ್ಲಿ ಸ್ಕೂಟರ್ ತೆಗೆಯುತ್ತಿದ್ದೆ. ಹೆಗಲಲ್ಲಿದ್ದ ಬ್ಯಾಗು ಕಾಂಪೌಂಡಿನ ಸೈಜುಗಲ್ಲಿಗೆ ಪರ್ ಅಂತ ಉಜ್ಜಿತು. ಒಂದು ಮೂಲೆ ತರಚಿ ಬಣ್ಣ ಹೋಯಿತು. ಮುಂಭಾಗದಲ್ಲಿ ಅಡ್ಡಕ್ಕೆ ಗೇಣುದ್ದ ಬಿಳೀ ಗೀರು. ನನ್ನ ಮೊಣಕೈಯೂ ತರಚಿತ್ತು. ಅದು ನೆನಪಾದದ್ದು ಮನೆಗೆ ಬಂದು ಸೋಪು ಉರಿದಾಗಲೇ.

ಬ್ಯಾಗಿಗೆ ಗೀರು ಬಿದ್ದರೆ ಸಾಕು, ಊರು ತುಂಬ ಅಳಲೆಕಾಯಿ ಪಂಡಿತರು. ಆಫೀಸಿನಲ್ಲಿ ಒಬ್ಬಳು ಟೂತ್‌ಪೇಸ್ಟ್ ತಿಕ್ಕಿ ಅಂದಳು. ಇನ್ನೊಬ್ಬಳು ನೈಲ್ ಪಾಲಿಶ್ ರಿಮೂವರ್ ಅಂದಳು. ಸದ್ಯ, ಅದನ್ನು ಮಾಡಲಿಲ್ಲ. ರಿಮೂವರ್ ಉಗುರಿನ ಬಣ್ಣ ಕೀಳುವ ಹಾಗೆ ಚರ್ಮದ ಮೇಲಿನ ಬಣ್ಣವನ್ನೂ ಕಿತ್ತುಬಿಡುತ್ತೆ. ಆದರೆ ನಮ್ಮ ಅತ್ತಿಗೆಯ ಮಾತು ಕೇಳಿದೆ. ಅತ್ತಿಗೆಗೆ ಕೊಬ್ಬರಿ ಎಣ್ಣೆ ಸರ್ವರೋಗಕ್ಕೂ ಮದ್ದು. ತಲೆಗೆ, ಹಿಮ್ಮಡಿಗೆ, ಬಾಗಿಲ ಕೀಲಿಗೆ, ಈಗ ಬ್ಯಾಗಿಗೆ. "ಎರಡು ಹನಿ ಹಾಕಿ ಉಜ್ಜು, ಗೀರು ಮಾಯ." ಗೀರು ನಿಜಕ್ಕೂ ಮಂಕಾಯಿತು. ಅದರ ಸುತ್ತ ಸಣ್ಣ ದೋಸೆಯಷ್ಟು ಅಗಲಕ್ಕೆ ಕಪ್ಪು ಕಲೆ ಬಂತು. ಚರ್ಮ ಎಣ್ಣೆ ಕುಡಿಯಿತು, ಕುಡಿದದ್ದನ್ನು ವಾಪಸ್ ಕೊಡಲಿಲ್ಲ. ರಾತ್ರಿಯಿಡೀ ಕಾರ್ನ್‌ಫ್ಲೋರ್ ಉದುರಿಸಿಟ್ಟೆ. ಸ್ವಲ್ಪ ಎಳೆದುಕೊಂಡಿತು. ಪೂರ್ತಿ ಹೋಗಲಿಲ್ಲ. ಅತ್ತಿಗೆಗೆ ಫೋಟೋ ಕಳಿಸಿದೆ. "ನೀನು ಜಾಸ್ತಿ ಹಾಕಿರ್ತೀಯ" ಅಂತ ಉತ್ತರ ಬಂತು. ಅತ್ತಿಗೆಯ ಮದ್ದು ಯಾವತ್ತೂ ತಪ್ಪಾಗುವುದಿಲ್ಲ, ರೋಗಿ ತಪ್ಪಾಗುತ್ತಾನೆ.

ಆಮೇಲೆ ಒಂದು ದೊಡ್ಡ ಅಂಗಡಿಗೆ ಹೋದೆ. ಬ್ಯಾಗಿಗೆ, ಶೂಗೆ ಸ್ಪಾ ಮಾಡುತ್ತಾರಂತೆ. ಎಸಿ, ಹಳದಿ ದೀಪ, ಏನೋ ಸುವಾಸನೆ. ಬಿಳೀ ಗ್ಲೌಸ್ ಹಾಕಿದ ಹುಡುಗ. ನಾನು ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದು ಅವನ ಕೈಗೆ ಕೊಟ್ಟೆ. ತಾಂಬೂಲ ಕೊಡುವಾಗ ಕೊಡುತ್ತೇವಲ್ಲ, ಹಾಗೆ. ಇದು ಆಗ ನನ್ನ ಗಮನಕ್ಕೆ ಬಂದಿರಲಿಲ್ಲ. ಈಗ ಚೆನ್ನಾಗಿ ನೆನಪಿದೆ. ಅವನು ಟಾರ್ಚ್ ಹಾಕಿ ನೋಡಿ 2,800 ರೂಪಾಯಿ, ಹತ್ತು ದಿನ ಅಂದ. ನಾನು ಬ್ಯಾಗಿಗೆ ಕೊಟ್ಟದ್ದೇ ಅದಕ್ಕಿಂತ ಸ್ವಲ್ಪ ಜಾಸ್ತಿ. "ಯೋಚನೆ ಮಾಡಿ ಹೇಳ್ತೀನಿ" ಅಂತ ಎದ್ದು ಬಂದೆ.

ಹಾಗಾಗಿ ಸೋಮವಾರ ನಮ್ಮ ಬಸ್ ಸ್ಟಾಪಿನ ಹೊಂಗೆ ಮರದ ಕೆಳಗೆ. ಅವರು ಅಲ್ಲಿ ಕೂರುವುದನ್ನು ಹದಿನೈದು ವರ್ಷದಿಂದ ನೋಡಿದ್ದೇನೆ. ಮಗಳ ಶಾಲೆ ಶೂ, ನಮ್ಮವರ ಚಪ್ಪಲಿ ಉಂಗುಷ್ಠ, ಛತ್ರಿ ಕಡ್ಡಿ, ಎಲ್ಲ ಅಲ್ಲೇ. ಹೆಸರು ಗೊತ್ತಿಲ್ಲ. ಕೇಳಿಲ್ಲ.

ಕೈಗೆ ಕೊಟ್ಟೆ. ಅವರು ಬ್ಯಾಗನ್ನು ಮೊದಲು ಮೂಸಿ ನೋಡಿದರು.

"ಕೊಬ್ಬರಿ ಎಣ್ಣೆನಾ?"

ಹೌದು ಅಂದೆ. ನಕ್ಕರು. ನಮ್ಮ ಅತ್ತಿಗೆಯಂಥವರನ್ನು ಬಹಳ ನೋಡಿರಬೇಕು.

ಆಮೇಲೆ ಬೆರಳು ಅದ್ದಿ ಬ್ಯಾಗಿನ ತಳದಲ್ಲಿ ಒಂದು ಹನಿ ನೀರು ಬಿಟ್ಟರು. ಹನಿ ಮುತ್ತಿನ ಹಾಗೆ ಮೇಲೇ ನಿಂತರೆ ಚರ್ಮದ ಮೇಲೆ ಬಣ್ಣದ ಲೇಪ ಇದೆ ಅಂತ. ಒಳಗಿಳಿದು ಕಪ್ಪಾದರೆ ಲೇಪ ಇಲ್ಲ, ಬರೀ ತೊಗಲು. ನನ್ನದು ಇಳಿಯಿತು. "ಒಳ್ಳೆ ತೊಗಲು ಮೇಡಂ, ಇದು ಮಾತು ಕೇಳ್ತದೆ. ರೆಕ್ಸಿನ್ ಆಗಿದ್ರೆ ಸಿಪ್ಪೆ ಎದ್ದು ಹೋಗ್ತಿತ್ತು, ಅದಕ್ಕೆ ಮದ್ದಿಲ್ಲ." ಹೆಬ್ಬೆರಳನ್ನು ಗೀರಿನ ಮೇಲಿಟ್ಟು ಒಂದೇ ದಿಕ್ಕಿಗೆ ಉಜ್ಜತೊಡಗಿದರು. ಏನನ್ನೂ ಹಚ್ಚಲಿಲ್ಲ. ಬೆರಳಿನ ಬಿಸಿಗೆ ಒಳಗಿನ ಜಿಡ್ಡು ಮೇಲೆ ಬಂದು ಸಣ್ಣ ಗೀರನ್ನು ತಾನೇ ಮುಚ್ಚುತ್ತದಂತೆ. ಕಣ್ಣೆದುರೇ ಗೇಣುದ್ದದ ಗೀರು ಬೆರಳುದ್ದವಾಯಿತು. ಉಳಿದದ್ದು ಆಳದ್ದು, ಅದು ಹಾಗೇ ಇರುತ್ತೆ ಅಂದರು.

ಮೂಲೆಗೆ ಬಣ್ಣ ಬೇಕಿತ್ತು. ಪಾಲಿಶ್ ಡಬ್ಬಿಯ ಮುಚ್ಚಳದಲ್ಲಿ ಟ್ಯಾನ್ ಒಂದಿಷ್ಟು, ಡಾರ್ಕ್ ಬ್ರೌನ್ ಚೂರು ಹಾಕಿ ಕಲೆಸಿದರು. ಬ್ಯಾಗಿನ ಪಕ್ಕ ಹಿಡಿದು ನೋಡಿದರು, ಮತ್ತೆ ಕಲೆಸಿದರು. ನಾನು ಸಾಂಬಾರಿಗೆ ಉಪ್ಪು ನೋಡುವಾಗಲೂ ಇಷ್ಟು ನಿಗಾ ಇರುವುದಿಲ್ಲ. ಬಟ್ಟೆಯ ತುದಿಯಲ್ಲಿ ಒಂದೊಂದೇ ಪದರ. ಎಣ್ಣೆ ಕಲೆಯನ್ನು ಅಳಿಸುವುದಕ್ಕೆ ಹೋಗಲಿಲ್ಲ. ಬಣ್ಣವಿಲ್ಲದ ಕ್ರೀಮನ್ನು ಇಡೀ ಬ್ಯಾಗಿಗೆ ತೆಳ್ಳಗೆ ಬಳಿದು, ಉಳಿದ ಕಡೆಯನ್ನೇ ಒಂದು ಛಾಯೆ ಕಪ್ಪು ಮಾಡಿಬಿಟ್ಟರು. ಕಲೆ ಎಲ್ಲಿತ್ತು ಅಂತ ಈಗ ಹುಡುಕಬೇಕು. "ಬೂಟಿನ ಬಣ್ಣದ ಪಾಲಿಶ್ ಬ್ಯಾಗಿಗೆಲ್ಲ ಹಾಕಬಾರದು, ಸೀರೆಗೆ ಹತ್ತಿಕೊಳ್ತದೆ. ಮೂಲೆಗೆ ಮಾತ್ರ. ಎರಡು ದಿನ ಬಿಳೀದು ಉಡಬೇಡಿ. ಬಿಸಿಲಿಗೆ ಇಡಬೇಡಿ. ಮಳೆಗಾಲ ಬರ್ತದಲ್ಲ, ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಇಟ್ರೆ ಬೂಸಲು ಹಿಡಿತದೆ. ಹಳೇ ದಿಂಬಿನ ಕವರಲ್ಲಿ ಹಾಕಿಡಿ, ಒಳಗೆ ಪೇಪರ್ ತುರುಕಿ."

ಎಂಬತ್ತು ರೂಪಾಯಿ. ಮರಕ್ಕೆ ಕ್ಯೂಆರ್ ಕೋಡಿನ ಬೋರ್ಡು ನೇತಾಡುತ್ತಿತ್ತು. ಸ್ಕ್ಯಾನ್ ಮಾಡಿದೆ. ದುಡ್ಡು ಬಂತು ಅಂತ ಡಬ್ಬಿ ಕೂಗಿತು. ಈಗ ದುಡ್ಡು ಕೊಡುವಾಗ ಕೈಗೆ ಕೈ ತಾಗುವ ಮಾತೇ ಇಲ್ಲ.

ಮನೆಗೆ ಬಂದು ಬ್ಯಾಗನ್ನು ಎಲ್ಲರಿಗೂ ತೋರಿಸಿದೆ. ರಾತ್ರಿ ಮಲಗಿದಾಗ ಆ ಮಾತು ಶುರುವಾಯಿತು.

ನಾನ್ಯಾಕೆ ನೆಲಕ್ಕೆ ಇಡಲು ಹೋದೆ?

ಅವರ ಕೈಯಲ್ಲಿ ಶೂ ಇತ್ತು, ಅದಕ್ಕೆ. ಆದರೆ ಒಂದು ಕೈ ಖಾಲಿ ಇತ್ತಲ್ಲ, ಚಾಚಿದರಲ್ಲ. ನಾನು ನಿಂತಿದ್ದೆ, ಅವರು ಕೂತಿದ್ದರು, ಅದಕ್ಕೆ. ಆದರೆ ಸೊಪ್ಪಿನಮ್ಮನೂ ಕೂತೇ ಇರುತ್ತಾಳೆ, ಅವಳ ಕೈಗೇ ಚೀಲ ಕೊಡುತ್ತೇನೆ. ನಮ್ಮವರಿಗೆ ಹೇಳಿದೆ. "ಅವರು ಬ್ಯಾಗಿನ ವಿಷಯ ಹೇಳಿದ್ದಾರೆ. ನೀನು ಅದರಲ್ಲಿ ಏನೇನೋ ಹುಡುಕ್ತಿದ್ದೀಯ" ಅಂದು ಮಗ್ಗುಲು ಬದಲಿಸಿದರು. ಈ ಮನುಷ್ಯನ ನಿದ್ದೆಗೆ ಯಾವ ಗೀರೂ ಬೀಳುವುದಿಲ್ಲ.

ಪುಣೆಯಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಾ, ನನ್ನ ಶೂ ಹೊಲಿಸೋಕೆ ಹೋದಾಗ ಹೇಗೆ ಕೊಡ್ತಿದ್ದೆ, ನೆನಪಿದೆಯಾ?" ಅಂತ ಕೇಳಿದಳು. ನೆನಪಿದೆ. ಪ್ಲಾಸ್ಟಿಕ್ ಕವರಿನಿಂದ ಅವರ ಮುಂದೆ ಸುರಿಯುತ್ತಿದ್ದೆ. ಚಪ್ಪಲಿ ಅಲ್ವಾ, ಚಪ್ಪಲಿಯನ್ನು ಯಾರ ಕೈಗೂ ಕೊಡುವುದಿಲ್ಲ ಅಂತ ನಾನೇ ಹೇಳಿದೆ. ಹೇಳುವಾಗಲೇ ಉತ್ತರ ಸರಿಯಾಗಿ ಕೂರಲಿಲ್ಲ. ಸೋಮವಾರ ನನ್ನ ಕೈಯಲ್ಲಿದ್ದದ್ದು ಚಪ್ಪಲಿ ಅಲ್ಲವಲ್ಲ.

ಬಗ್ಗಿದ್ದು ನಾನೋ, ನಮ್ಮಜ್ಜಿಯೋ ಅಂತ ಅನುಮಾನ ಬರುತ್ತಿದೆ. ಅಜ್ಜಿಗೆ ಇಂಥದರಲ್ಲಿ ಬಹಳ ನಾಜೂಕು. ಚಪ್ಪಲಿ ಹೊಲಿಯುವವರು ಮನೆ ಬಾಗಿಲಿಗೆ ಬಂದರೆ ಚಪ್ಪಲಿ ಜಗಲಿಯ ಕೆಳಗೆ, ಕಾಸು ಜಗಲಿಯ ಮೇಲೆ. ಮಜ್ಜಿಗೆ ಕೊಡುತ್ತಿದ್ದಳು, ಧಾರಾಳವಾಗಿಯೇ. ಮೇಲಿಂದ, ಬೊಗಸೆಗೆ. ಒಂದು ತೊಟ್ಟು ಆಚೀಚೆ ಆಗುತ್ತಿರಲಿಲ್ಲ. ಅವಳು ಕೆಟ್ಟವಳು ಅಂತ ಬರೆಯಲು ನನಗೆ ಆಗುತ್ತಿಲ್ಲ. ಒಳ್ಳೆಯವಳು ಅಂತ ಬರೆದು ಮುಗಿಸಲೂ ಆಗುತ್ತಿಲ್ಲ.

ತಮಾಷೆ ನೋಡಿ, ಅದೇ ಮನೆಯ ದೇವರ ಕೋಣೆಯಲ್ಲಿ ದೊಡ್ಡಪ್ಪನ ಮೃದಂಗ ಇತ್ತು. ಎರಡೂ ಕಡೆ ಚರ್ಮ. ತಾತ ಜಪಕ್ಕೆ ಕೂರುತ್ತಿದ್ದದ್ದು ಕೃಷ್ಣಾಜಿನದ ಮೇಲೆ, ಅದೂ ಚರ್ಮ. ಅಜ್ಜಿ ತ್ರಿಫಲಕ್ಕೆ ಕುಟ್ಟುತ್ತಿದ್ದ ಅಳಲೆಕಾಯಿ ಇದೆಯಲ್ಲ, ಅಥಣಿ, ನಿಪ್ಪಾಣಿ ಕಡೆ ಚಪ್ಪಲಿಯ ತೊಗಲು ಹದ ಮಾಡುವುದಕ್ಕೂ ಅದೇ ಬೇಕು. ಜಾಲಿ ತೊಗಟೆ, ಅಳಲೆಕಾಯಿ. ಅದರ ಒಗರು ಹಸಿ ತೊಗಲಿಗೆ ಇಳಿದರೆ ತೊಗಲು ಕೊಳೆಯುವುದಿಲ್ಲ. ಆ ಕೆಲಸಕ್ಕೆ ಕನ್ನಡದಲ್ಲಿ 'ಹದ ಮಾಡುವುದು' ಅಂತಲೇ ಹೆಸರು. ಪಾಕಕ್ಕೂ ಹದ, ಮಣ್ಣಿಗೂ ಹದ, ತೊಗಲಿಗೂ ಹದ. ಕಾಯಿ ನಮ್ಮ ಅಡುಗೆಮನೆಯ ಒರಳಿಗೆ ಬರಬಹುದಿತ್ತು. ಹದ ಮಾಡಿದವರ ಕೈ ಜಗಲಿಯಿಂದ ಮೇಲೆ ಬರುವ ಹಾಗಿರಲಿಲ್ಲ.

ಶಾಲೆಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಶರಣ ಹರಳಯ್ಯನವರ ಕಥೆ ಹೇಳಿದ್ದರು. ಹರಳಯ್ಯ 'ಶರಣು' ಅಂದರೆ ಬಸವಣ್ಣ 'ಶರಣು ಶರಣಾರ್ಥಿ' ಅಂದರಂತೆ. ಒಂದಕ್ಕೆ ಎರಡು. ಆ ಹೆಚ್ಚಿನ ಒಂದು ಮಾತು ಹರಳಯ್ಯನವರಿಗೆ ಭಾರವಾಗಿ, ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿ ತಂದರು. ಬಸವಣ್ಣ ಅದನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರು. ಹನ್ನೆರಡನೇ ಶತಮಾನದ ಕಥೆ. ಚಿಕ್ಕವಳಿದ್ದಾಗ ತೊಡೆಯ ಚರ್ಮದ ಸುದ್ದಿಗೇ ಹೆದರಿ ಮುಂದಿನದು ಕೇಳಿಸಿಕೊಂಡಿರಲಿಲ್ಲ. ಒಂದು ಮಾತನ್ನು ಹೊತ್ತುಕೊಂಡು ಮನೆಗೆ ಹೋಗುವುದು ಎಂಥ ಕಷ್ಟ ಅಂತ ಈ ವಾರ ಸ್ವಲ್ಪ ಗೊತ್ತಾಯಿತು. ನನ್ನದು ಅಷ್ಟು ದೊಡ್ಡದಲ್ಲ ಬಿಡಿ. ಎಂಬತ್ತು ರೂಪಾಯಿಯ ಕೆಲಸದ ಜೊತೆ ಬಂದದ್ದು.

ಅತ್ತಿಗೆಗೆ ಹೇಳಬಾರದಿತ್ತು, ಹೇಳಿದೆ. "ಈಗೆಲ್ಲ ಅವರಿಗೆ ಮಾತು ಜಾಸ್ತಿ" ಅಂದರು. ಪೂಜೆಗೆ ಹೂ ಕಟ್ಟುತ್ತಾ, ಬಹಳ ಸಲೀಸಾಗಿ. ನಾನು ಏನೂ ಅನ್ನಲಿಲ್ಲ. ಫೋನ್ ಬಂದ ಹಾಗೆ ಮಾಡಿ ಹೊರಗೆ ಹೋದೆ. ಅವತ್ತಿಂದ ಇದೂ ಸೇರಿಕೊಂಡಿದೆ, ನಾನು ಏನೂ ಅನ್ನಲಿಲ್ಲ ಅನ್ನುವುದು. ಕೊಬ್ಬರಿ ಎಣ್ಣೆಯ ಬಗ್ಗೆ ಅತ್ತಿಗೆಯ ಹತ್ತಿರ ಅರ್ಧ ಗಂಟೆ ಜಗಳ ಆಡಿದ್ದೆ.

ಈ ಮಧ್ಯೆ ಬ್ಯಾಗು ಮಾತ್ರ ಚೆನ್ನಾಗಿದೆ. ಬೆರಳುದ್ದದ ಆ ಗೀರನ್ನು ಆಫೀಸಿನಲ್ಲಿ ಕೂತಾಗ ಹೆಬ್ಬೆರಳಿನಿಂದ ಉಜ್ಜುವುದು ಅಭ್ಯಾಸವಾಗಿದೆ. ಇನ್ನೂ ಸ್ವಲ್ಪ ಕಡಿಮೆಯಾದ ಹಾಗಿದೆ, ಅಥವಾ ನನ್ನ ಕಣ್ಣಿಗೆ ಹಾಗೆ ಕಾಣುತ್ತಿರಬಹುದು.

ಶನಿವಾರ ನಮ್ಮವರ ಚಪ್ಪಲಿ ತೆಗೆದುಕೊಂಡು ಮತ್ತೆ ಹೊಂಗೆ ಮರದ ಹತ್ತಿರ ಹೋದೆ. ಅಟ್ಟೆ ಒಂದು ಕಡೆ ಸ್ವಲ್ಪ ಬಾಯಿ ಬಿಟ್ಟಿತ್ತು. ಇನ್ನೂ ಎರಡು ತಿಂಗಳು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಕವರ್ ಬೇಡ ಅಂದುಕೊಂಡು ಮನೆಯಿಂದಲೇ ಕೈಯಲ್ಲಿ ಹಿಡಿದು ಹೋದೆ. ಎದುರು ಮನೆಯಾಕೆ ವಿಚಿತ್ರವಾಗಿ ನೋಡಿದಳು. ಬಗ್ಗಿ, ಎರಡೂ ಕೈಯಲ್ಲಿ ಚಾಚಿದೆ.

ಅವರು ಎರಡೂ ಅಂಗೈ ಎತ್ತಿ ತೋರಿಸಿದರು. ಹಳದಿ ಹಳದಿ, ಅಂಟು ಅಂಟು.

"ಕೈಯೆಲ್ಲ ಸಲ್ಯೂಷನ್ ಆಗದೆ ಮೇಡಂ. ಅಲ್ಲೇ ಕೆಳಗಿಡಿ."

ನಾನು ಇಡದೆ ಹಿಡಿದುಕೊಂಡೇ ನಿಂತೆ.

"ಇಡಿ ಇಡಿ. ಚಪ್ಪಲಿ ತಾನೇ, ಗೀರು ಬಿದ್ರೆ ಏನಾಗ್ತದೆ?"

ಇಟ್ಟೆ.