'ಸದ್ದು ಮಾಡಬೇಡಿ' ಬೋರ್ಡಿನ ಕೆಳಗೆ

ನಮ್ಮ ಲ್ಯಾಬಿನ ಗೋಡೆ ಮೇಲೆ 'ಸದ್ದು ಮಾಡಬೇಡಿ' ಅಂತ ಒಂದು ಬೋರ್ಡ್ ಇದೆ. ಅದನ್ನು ಹಾಕಿದವನು ನಾನೇ. ಮಾತನ್ನು ಅಕ್ಷರ ಮಾಡುವ ಸಾಫ್ಟ್‌ವೇರನ್ನು ಆ ಬೋರ್ಡಿನ ಕೆಳಗಿನ ಕಂಪ್ಯೂಟರಿಗೇ ಹಾಕಿಟ್ಟವನೂ ನಾನೇ. ಮೂಲೆಯ ಜಾಗ, ಯಾರ ಓಡಾಟವೂ ಇಲ್ಲ ಅನ್ನುವುದಷ್ಟೇ ಆಗ ತಲೆಯಲ್ಲಿದ್ದದ್ದು.

ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಆ ವರ್ಷ ಎಂ.ಎ.ಗೆ ಸೇರಿದ್ದ ಒಬ್ಬ ಹುಡುಗಿಗೆ ಸ್ನಾಯುಗಳ ತೊಂದರೆ ಇತ್ತು. ನಾಲ್ಕು ಸಾಲು ಟೈಪ್ ಮಾಡುವಷ್ಟರಲ್ಲಿ ಕೈ ಸೋತುಹೋಗುತ್ತಿತ್ತು. ಮನೆಯ ಕಂಪ್ಯೂಟರಿನಲ್ಲಿ ಅವಳು ಬಾಯಲ್ಲಿ ಹೇಳಿಯೇ ಬರೆಯುತ್ತಿದ್ದಳು. ಲ್ಯಾಬಿನಲ್ಲೂ ಆ ಅನುಕೂಲ ಬೇಕು ಅಂತ ಅರ್ಜಿ ಕೊಟ್ಟಳು. ಅರ್ಜಿ ನಾಲ್ಕು ಮೇಜು ಸುತ್ತಿ ನನ್ನ ಹತ್ತಿರ ಬಂತು. 'ಅಗತ್ಯ ಸಾಫ್ಟ್‌ವೇರ್ ಒದಗಿಸುವುದು' ಅಂತ ಒಂದು ಸಾಲಿನ ಷರಾ. ನಾನು ಲೈಸೆನ್ಸ್ ತರಿಸಿದೆ, ಇನ್‌ಸ್ಟಾಲ್ ಮಾಡಿದೆ, ಒಂದು ಹೆಡ್‌ಸೆಟ್ ಸಿಕ್ಕಿಸಿದೆ. 'ಒದಗಿಸಲಾಗಿದೆ' ಅಂತ ಬರೆದು ಫೈಲ್ ವಾಪಸ್ ಕಳಿಸಿದೆ. ಕೆಲಸ ಮುಗಿಯಿತು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಅವಳು ಬಂದು ಕೂತಳು. ಪರದೆ ಮೇಲೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ಅಂತ ಇತ್ತು. ಅವಳು ಒಂದು ಸಲ ಪರದೆ ನೋಡಿದಳು, ಒಂದು ಸಲ ನನ್ನ ಮುಖ ನೋಡಿದಳು.

"ಸರ್, ಇದನ್ನ ಯಾರಿಗೆ ಹೇಳಲಿ?"

ಯಾರಿಗೂ ಹೇಳುವ ಹಾಗಿರಲಿಲ್ಲ. ನಾವು ಹಾಕಿದ್ದ ಸಾಫ್ಟ್‌ವೇರ್ ಕಣ್ಣು ಬಿಡುವುದೇ ಲಾಗಿನ್ ಆದ ಮೇಲೆ. ಲಾಗಿನ್ ಆಗಬೇಕಾದರೆ ಕೈ ಬೇಕು. ಕೈ ಆಗುವುದಿಲ್ಲ ಅಂತಲೇ ಅಲ್ವಾ ಈ ಸಾಫ್ಟ್‌ವೇರ್! ಮೂರು ಕೀಲಿಯನ್ನು ನಾನೇ ಒತ್ತಿದೆ. ಪಾಸ್‌ವರ್ಡ್ ಒತ್ತಿಕೊಡಲಾ ಅಂತ ಕೇಳಿದ್ದಕ್ಕೆ "ಬೇಡ ಸರ್, ಅದನ್ನ ನಾನೇ ಮಾಡ್ತೀನಿ" ಅಂದಳು. ಒಂದೊಂದೇ ಅಕ್ಷರ, ನಡುವೆ ಕೈಗೆ ವಿಶ್ರಾಂತಿ. ನಾನು ಅಷ್ಟು ಹೊತ್ತೂ ಫ್ಯಾನ್ ನೋಡುತ್ತಾ ನಿಂತಿದ್ದೆ.

ಇದಕ್ಕೆ ಮದ್ದು ಕಂಪ್ಯೂಟರಿನಲ್ಲೇ ಇತ್ತು. ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಅಂತ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ. ನಾವೆಲ್ಲ ಕಿರಿಕಿರಿ ಅಂತ 'ನೋ' ಒತ್ತಿ ಮುಚ್ಚುತ್ತೀವಲ್ಲ, ಅದೇ. ಅದನ್ನು ಚಾಲೂ ಮಾಡಿದರೆ ಮೂರು ಕೀಲಿಗಳನ್ನು ಒಂದಾದ ಮೇಲೆ ಒಂದು ಒತ್ತಬಹುದು. ಲಾಗಿನ್ ಪರದೆಯಲ್ಲೂ ಅದು ಕೆಲಸ ಮಾಡುತ್ತದೆ. ಇಷ್ಟು ವರ್ಷ ಲ್ಯಾಬಿನ ಎಲ್ಲಾ ಕಂಪ್ಯೂಟರಿನಲ್ಲೂ ಅದನ್ನು ಹುಡುಕಿ ಹುಡುಕಿ ಆಫ್ ಮಾಡಿಟ್ಟಿದ್ದೆ! ಈಗ ವಿಂಡೋಸ್ 11ರಲ್ಲಿ ಮಾತಿನಿಂದಲೇ ಕಂಪ್ಯೂಟರ್ ನಡೆಸುವ ವಾಯ್ಸ್ ಆಕ್ಸೆಸ್ ಇದೆ, ಅದರಲ್ಲಿ ಲಾಗಿನ್‌ಗೂ ಮೊದಲೇ ಮಾತು ಕೇಳಿಸಿಕೊಳ್ಳುವ ಆಯ್ಕೆ ಇದೆ. ಆದರೆ ಮೂವತ್ತು ಜನ ಕೂತಿರುವ ಕಡೆ ಪಾಸ್‌ವರ್ಡನ್ನು ಗಟ್ಟಿಯಾಗಿ ಹೇಳುವುದು ಹೇಗೆ?

ಅಂತೂ ಸಾಫ್ಟ್‌ವೇರ್ ತೆರೆಯಿತು. ಅವಳ ದನಿ ಗುರುತು ಹಿಡಿಯಲು ಒಂದು ಪುಟ ಓದಿಸಿತು. ಆಮೇಲೆ ಶುರು ಮಾಡಿದಳು. ಹೀಗೆ ಬರೆಯುವವರು ಮಾಮೂಲಿ ಮಾತಿನ ಹಾಗೆ ಮಾತಾಡುವುದಿಲ್ಲ. ನಾವು ಹಾಕಿದ್ದ ಸಾಫ್ಟ್‌ವೇರಿಗೆ ಕಾಮಾ, ಫುಲ್‌ಸ್ಟಾಪ್, ನ್ಯೂ ಪ್ಯಾರಾಗ್ರಾಫ್, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಿತ್ತು. ತಪ್ಪಾದರೆ 'ಸ್ಕ್ರ್ಯಾಚ್ ದಟ್', ಅಂದರೆ ಈಗ ಹೇಳಿದ್ದನ್ನು ಅಳಿಸು, ಅನ್ನಬೇಕಿತ್ತು. ಎರಡೇ ನಿಮಿಷದಲ್ಲಿ ಲ್ಯಾಬಿನ ಅರ್ಧ ತಲೆಗಳು ಮೂಲೆಗೆ ತಿರುಗಿದವು. ಯಾರೋ ಕಿಸಕ್ಕನೆ ನಕ್ಕರು. ಒಬ್ಬ ಪುಣ್ಯಾತ್ಮ ಬಾಯಿ ತೆರೆಯದೆ ಬೋರ್ಡಿನ ಕಡೆ ಬೆರಳು ತೋರಿಸಿದ.

ಅವಳು ದನಿ ತಗ್ಗಿಸಿದಳು. ಅಲ್ಲಿಂದ ಶುರುವಾಯಿತು ನೋಡಿ ಫಜೀತಿ. ಪಿಸುಮಾತು ಈ ಸಾಫ್ಟ್‌ವೇರುಗಳಿಗೆ ಸರಿಯಾಗಿ ತಿಳಿಯುವುದಿಲ್ಲ. ದನಿ ತಗ್ಗಿದರೆ ತಪ್ಪು ಜಾಸ್ತಿ. ತಪ್ಪು ಜಾಸ್ತಿಯಾದರೆ ಮತ್ತೆ ಮತ್ತೆ 'ಸ್ಕ್ರ್ಯಾಚ್ ದಟ್'. ಬೇಸರಕ್ಕೆ ದನಿ ಬದಲಾಯಿತು. ಬದಲಾದ ದನಿ ಅದಕ್ಕೆ ಇನ್ನೂ ಅರ್ಥವಾಗಲಿಲ್ಲ. 'ರೆಕಗ್ನೈಸ್ ಸ್ಪೀಚ್' (ಮಾತನ್ನು ಗುರುತಿಸು) ಅಂತ ಹೇಳಿದರೆ 'ರೆಕ್ ಎ ನೈಸ್ ಬೀಚ್' (ಒಳ್ಳೆಯ ಕಡಲತೀರ ಹಾಳುಮಾಡು) ಅಂತ ಬರುತ್ತದೆ ಅನ್ನುವುದು ಈ ವಿಷಯದವರ ಹಳೇ ತಮಾಷೆ. ಅವತ್ತು ಅವಳ ಪರದೆ ಮೇಲೆ ಇದ್ದದ್ದೆಲ್ಲಾ ಆ ಜಾತಿಯ ವಾಕ್ಯಗಳೇ. ನಗು ಬರುವ ಹಾಗಿರಲಿಲ್ಲ.

ಅಷ್ಟರಲ್ಲಿ ಹಿಂದಿನ ಸೀಟಿನ ಹುಡುಗ ಫೋನೆತ್ತಿಕೊಂಡು ಜೋರಾಗಿ ಮಾತಾಡತೊಡಗಿದ. ಅವಳ ಪ್ಯಾರಾದ ನಡುವೆ ಅವನ ಅರ್ಧ ವಾಕ್ಯ ಬಂದು ಕೂತಿತು. ಎಸಿಯ ಗುಂಯ್‌ಗುಡುವಿಕೆಯಂಥ ಒಂದೇ ಸಮನೆ ಬರುವ ಸದ್ದನ್ನು ಒಳ್ಳೆಯ ಮೈಕು ಬಹುಮಟ್ಟಿಗೆ ತಡೆಯುತ್ತದೆ. ಪಕ್ಕದ ಮನುಷ್ಯನ ದನಿ ಬಂದರೆ ಮಾತ್ರ ಸಾಫ್ಟ್‌ವೇರಿಗೆ ಗೊಂದಲ. ಅದೂ ಮಾತೇ ತಾನೇ? ನಾನು ಕೊಟ್ಟಿದ್ದ ಹೆಡ್‌ಸೆಟ್ಟೂ ಅಗ್ಗದ್ದು. ಅದು ಸೌಂಡ್ ಕಾರ್ಡಿನ ತೂತಿಗೆ ಸಿಕ್ಕಿಸುವ ಜಾತಿ. ಯುಎಸ್‌ಬಿ ಹೆಡ್‌ಸೆಟ್ ಆದರೆ ಕಂಪ್ಯೂಟರಿನೊಳಗಿನ ಕರಕರ ಅದಕ್ಕೆ ತಾಗುವುದು ಕಡಿಮೆ. ಮೈಕು ಬಾಯಿಯ ನೇರಕ್ಕೆ ಇರಬಾರದು, ತುಟಿಯ ಅಂಚಿಗೆ ಇರಬೇಕು, ಇಲ್ಲದಿದ್ದರೆ ಉಸಿರೂ ಒಳಗೆ ಹೋಗುತ್ತದೆ. ಇದನ್ನೆಲ್ಲಾ ನಾನು ಕಲಿತದ್ದು ಅವಳಿಂದಲೇ.

ಮುಕ್ಕಾಲು ಗಂಟೆಯಾದ ಮೇಲೆ ಅವಳು ಹೆಡ್‌ಸೆಟ್ ತೆಗೆದಿಟ್ಟಳು.

"ಏನಮ್ಮಾ, ಸರಿ ಬರ್ತಿಲ್ವಾ?" ಅಂತ ಕೇಳಿದೆ.

"ಸಾಫ್ಟ್‌ವೇರ್ ಚೆನ್ನಾಗೇ ಇದೆ ಸರ್. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಏನಾದ್ರೂ ಬರೀತಾ ಹೊಡೆದುಹಾಕ್ತಾ ಇರುವಾಗ, ಅದನ್ನ ಯಾರಾದ್ರೂ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಓದ್ತಾ ಇದ್ರೆ ನಿಮಗೆ ಬರೆಯೋಕಾಗುತ್ತಾ?"

ನಾನು ಉತ್ತರ ಕೊಡಲಿಲ್ಲ. ರಜೆ ಚೀಟಿ ಬರೆಯುವಾಗಲೂ ಕೈಯಿಂದ ಮುಚ್ಚಿಕೊಂಡು ಬರೆಯುವವನು ನಾನು.

ಮರುದಿನ ಇನ್ನೊಂದು ಎಡವಟ್ಟು. ಸಾಫ್ಟ್‌ವೇರ್ ಅವಳನ್ನು ಮರೆತೇಬಿಟ್ಟಿತ್ತು. ಲ್ಯಾಬಿನ ಕಂಪ್ಯೂಟರುಗಳನ್ನು ನಾವು 'ಫ್ರೀಜ್' ಮಾಡಿಟ್ಟಿರುತ್ತೇವೆ. ಯಾರು ಏನೇ ಮಾಡಲಿ, ರೀಸ್ಟಾರ್ಟ್ ಆದಾಗ ಎಲ್ಲಾ ಅಳಿಸಿಹೋಗಿ ಮೊದಲಿನಂತಾಗುತ್ತದೆ. ವೈರಸ್ ಕಾಟಕ್ಕೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ ಅಂತ ನನಗೆ ಹೆಮ್ಮೆ ಬೇರೆ ಇತ್ತು. ಆದರೆ ಮಾತಿನ ಸಾಫ್ಟ್‌ವೇರ್ ಬಳಸುವವರ ದನಿ, ಉಚ್ಚಾರ, ಅವರು ಸೇರಿಸಿದ ಪದ, ತಿದ್ದಿದ ತಪ್ಪು, ಇವೆಲ್ಲ ಒಂದು ಪ್ರೊಫೈಲಿನಲ್ಲಿ ಉಳಿಯಬೇಕು. ತಿದ್ದುತ್ತಾ ಹೋದ ಹಾಗೆ ಅದು ಪಳಗುತ್ತದೆ. ನಮ್ಮ ಲ್ಯಾಬು ದಿನಾ ರಾತ್ರಿ ಅದನ್ನು ಒರೆಸಿಹಾಕುತ್ತಿತ್ತು. ಪ್ರೊಫೈಲನ್ನು ಸರ್ವರಿನಲ್ಲಿ ಅವಳ ಹೆಸರಿನ ಜಾಗಕ್ಕೆ ಉಳಿಸುವ ಹಾಗೆ ಮಾಡಲು ನನಗೆ ಎರಡು ದಿನ ಹಿಡಿಯಿತು.

ಈ ನೆಪದಲ್ಲಿ ಮಾತಿನ ಸಾಫ್ಟ್‌ವೇರುಗಳ ಹಳೇ ಕಥೆಯನ್ನೆಲ್ಲಾ ಓದಿದೆ. 1990ರ ಡ್ರ್ಯಾಗನ್ ಡಿಕ್ಟೇಟ್ ಅನ್ನುವ ಸಾಫ್ಟ್‌ವೇರಿನ ಕಾಲದಲ್ಲಿ ಒಂದೊಂದು ಪದ ಆದಮೇಲೂ ನಿಲ್ಲಬೇಕಿತ್ತಂತೆ. 1997ರಲ್ಲಿ ಡ್ರ್ಯಾಗನ್ ನ್ಯಾಚುರಲಿ ಸ್ಪೀಕಿಂಗ್ ಬಂದ ಮೇಲೆ ತಡೆಯಿಲ್ಲದೆ ಮಾತಾಡುವುದು ಸಾಧ್ಯವಾಯಿತು. ಅಷ್ಟು ಬೆಳೆದ ಸಾಫ್ಟ್‌ವೇರ್ ನಮ್ಮ ಲ್ಯಾಬಿನ ಮೂಲೆಗೆ ಬಂದು ಸೋತಿತ್ತು.

ಬೇಕಾಗಿದ್ದದ್ದು ಒಂದು ಕೋಣೆ. ಲ್ಯಾಬಿನ ಪಕ್ಕದಲ್ಲೇ ಕೆಟ್ಟ ಮಾನಿಟರು, ಕೀಬೋರ್ಡು ತುಂಬಿಟ್ಟಿದ್ದ ಸಣ್ಣ ರೂಮು ಇತ್ತು. ಹಳೇ ಸಾಮಾನನ್ನು ಸಾಗಹಾಕಲು ಎಷ್ಟು ಸಹಿ ಬೇಕು ಅನ್ನುವ ಕಥೆ ಇಲ್ಲಿ ಬೇಡ. ಖಾಲಿ ಮಾಡಿದ ಮೇಲೆ ಬರೀ ಗೋಡೆ, ಮಾತಾಡಿದರೆ ಗೋಂ ಅಂತ ಪ್ರತಿಧ್ವನಿ. ಹಳೇ ನೋಟಿಸ್ ಬೋರ್ಡುಗಳಿದ್ದವು, ಬಟ್ಟೆ ಹೊದಿಸಿದವು. ಅವನ್ನು ಸುತ್ತ ಜೋಡಿಸಿದೆ, ಒಂದು ದಪ್ಪ ಪರದೆ ಬಿಟ್ಟೆ. ಗೋಂ ನಿಂತಿತು. ಕಂಪ್ಯೂಟರ್ ಒಳಗೆ ಹೋಯಿತು.

ಮೊದಲ ದಿನ ಬಾಗಿಲು ಹಾಕಿಕೊಟ್ಟು, ನಾನು ಬೇರೆ ಕಟ್ಟಡಕ್ಕೆ ಹೋದೆ. ವಾಪಸ್ ಬಂದಾಗ ಒಳಗಿಂದ ಮೆಲ್ಲಗೆ ಬಾಗಿಲು ಬಡಿಯುವ ಸದ್ದು. ಬಾಗಿಲಿಗೆ ದುಂಡನೆಯ ಹಿಡಿ ಇತ್ತು. ಬಿಗಿಯಾಗಿ ಹಿಡಿದು ತಿರುಗಿಸಬೇಕು. ಅವಳ ಕೈಯಲ್ಲಿ ಅದಾಗುತ್ತಿರಲಿಲ್ಲ. ಮುಕ್ಕಾಲು ಗಂಟೆ ಒಳಗೇ ಇದ್ದಳು. ತೆರೆದಾಗ ನನಗೆ ಬಾಯಿಂದ ಮಾತೇ ಹೊರಡಲಿಲ್ಲ. "ಪರವಾಗಿಲ್ಲ ಸರ್, ಮೂರು ಪುಟ ಆಯ್ತು" ಅಂದಳು ಅವಳು.

ಬಾಗಿಲು ತೆರೆದಿಟ್ಟರೆ ದನಿ ಹೊರಗೆ ಬರುತ್ತದೆ. ಮುಚ್ಚಿದರೆ ಅವಳು ಒಳಗೇ ಸಿಕ್ಕಿಬೀಳುತ್ತಾಳೆ. ಮೊಣಕೈಯಿಂದ ಕೆಳಗೊತ್ತಿದರೆ ತೆರೆಯುವ ಉದ್ದನೆಯ ಹಿಡಿ ಬೇಕು ಅಂತ ಬರೆದು ಕಳಿಸಿದೆ. ಸಾಫ್ಟ್‌ವೇರ್ ಲೈಸೆನ್ಸ್ ಮೂರು ವಾರದಲ್ಲಿ ಬಂದಿತ್ತು. ಆ ಹಿಡಿ ಬರಲು ಎರಡೂವರೆ ತಿಂಗಳಾಯಿತು. ಅಲ್ಲಿಯವರೆಗೆ ಒಳಗೆ ಮೇಜಿನ ಕಾಲಿಗೆ ಒಂದು ಕರೆಗಂಟೆ ಕಟ್ಟಿದ್ದೆ. ಕಾಲಿನಿಂದ ಒತ್ತಿದರೆ ನನ್ನ ಮೇಜಿನ ಹತ್ತಿರ ಬಡಿಯುತ್ತಿತ್ತು.

ಸಮಯದ್ದು ಇನ್ನೊಂದು ತಕರಾರು. ಲ್ಯಾಬು ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ರೂಮಿನ ಬೀಗದಕೈ ನನ್ನ ಜೇಬಿನಲ್ಲಿ, ನಾನು ಐದೂವರೆಗೆ ಮನೆಗೆ. ಬಾಕಿಯವರಿಗೆ ಇರುವ ಮೂರೂವರೆ ಗಂಟೆ ಅವಳಿಗೆ ಇಲ್ಲ. ಇದನ್ನು ಅವಳು ಒಂದು ತಿಂಗಳು ಹೇಳಲೇ ಇಲ್ಲ, ನನಗೆ ಹೊಳೆಯಲೂ ಇಲ್ಲ. ಈಗ ಕೀಲಿ ಕಾವಲುಗಾರರ ಹತ್ತಿರ ಇರುತ್ತದೆ.

ಆ ಹುಡುಗಿ ಓದು ಮುಗಿಸಿ ಹೋಗಿ ಕೆಲವು ವರ್ಷವಾಯಿತು. ರೂಮು ಈಗ ಖಾಲಿ ಇರುವುದೇ ಕಡಿಮೆ. ಮಣಿಕಟ್ಟು ನೋವಿನವರು, ಅಕ್ಷರ ಜೋಡಿಸುವುದೇ ಕಷ್ಟವಾದವರು ಪುಸ್ತಕದಲ್ಲಿ ಹೆಸರು ಬರೆಸಿ ಬರುತ್ತಾರೆ. ಅವಳು ಓದುತ್ತಿದ್ದಾಗಲೇ ಒಂದು ಮಾತು ಹೇಳಿದ್ದಳು. ಬರೆಯಲು ರೂಮು ಬೇಕು, ಆದರೆ ದಿನವಿಡೀ ಅಲ್ಲೇ ಕೂತರೆ ಗೆಳತಿಯರು ಸಿಗುವುದಿಲ್ಲ ಅಂತ. ಅದಕ್ಕೇ ಲ್ಯಾಬಿನ ನಡುವಿನ ಎರಡು ಕಂಪ್ಯೂಟರಿಗೂ ಸಾಫ್ಟ್‌ವೇರ್ ಹಾಕಿದೆ. ತಿದ್ದುವ ಕೆಲಸಕ್ಕೆ ನಾಲ್ಕು ಆದೇಶ ಹೇಳಿದರೆ ಯಾರಿಗೂ ತೊಂದರೆಯಿಲ್ಲ.

ಬೋರ್ಡ್ ಇನ್ನೂ ಅಲ್ಲೇ ಇದೆ. ಅದರ ಕೆಳಗೆ ಖಾಲಿಯಾದ ಜಾಗದಲ್ಲಿ ಪ್ರಿಂಟರ್ ಇಟ್ಟಿದ್ದೇವೆ. ಇಡೀ ಲ್ಯಾಬಿನಲ್ಲಿ ಅದರಷ್ಟು ಸದ್ದು ಮಾಡುವುದು ಯಾವುದೂ ಇಲ್ಲ. ಅದರ ಕಡೆ ಯಾರೂ ಇದುವರೆಗೆ ಬೆರಳು ತೋರಿಸಿಲ್ಲ.