ಚಳಿಗಾಲದ ಮೌಂಟ್ ಜೋ: ಮೊದಲ ಬಾರಿ ಸ್ನೋಶೂ ಕಟ್ಟಿ ಹತ್ತುವವರಿಗೆ

ನ್ಯೂಯಾರ್ಕ್ ರಾಜ್ಯದ ಅಡಿರಾಂಡ್ಯಾಕ್ ಬೆಟ್ಟಗಳಿಗೆ ಬರುವ ಚಾರಣಿಗರಲ್ಲಿ ಬಹುಪಾಲು ಜನರ ಕಣ್ಣು ಅಲ್ಲಿನ ಪ್ರಸಿದ್ಧವಾದ 46 ಎತ್ತರದ ಶಿಖರಗಳ ಮೇಲಿರುತ್ತದೆ. ಆ ಪಟ್ಟಿಯಲ್ಲಿ ಮೌಂಟ್ ಜೋ ಇಲ್ಲ. ಇದರ ಎತ್ತರ 2,876 ಅಡಿ, ಕಾರು ನಿಲ್ಲಿಸುವ ಜಾಗದಿಂದ ಏರಬೇಕಾದದ್ದು ಸುಮಾರು 700 ಅಡಿ, ದೂರ ಒಂದು ಕಡೆಗೆ ಒಂದು ಮೈಲಿಗಿಂತ ತುಸು ಹೆಚ್ಚು. ಆದರೂ ಸ್ನೋಶೂ, ಅಂದರೆ ಕಾಲು ಹಿಮದಲ್ಲಿ ಹೂತುಹೋಗದಂತೆ ಬೂಟಿನ ಅಡಿಗೆ ಕಟ್ಟಿಕೊಳ್ಳುವ ಅಗಲವಾದ ಚೌಕಟ್ಟು, ತೊಟ್ಟು ನಡೆಯುವುದನ್ನು ಕಲಿಯಬೇಕೆನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ. ಸಮತಟ್ಟಾದ ಹಾದಿ, ಕಡಿದಾದ ಏರು, ಮಂಜುಗಟ್ಟಿದ ಬಂಡೆ, ಗಾಳಿಗೆ ಒಡ್ಡಿಕೊಂಡ ನೆತ್ತಿ, ಇವೆಲ್ಲ ಇಲ್ಲಿ ಅರ್ಧ ದಿನದೊಳಗೆ ಎದುರಾಗುತ್ತವೆ; ಸಾಧ್ಯವಾಗದಿದ್ದರೆ ಹಿಂದಿರುಗಲು ಹಾದಿಯೂ ಉದ್ದವಿಲ್ಲ.

ನ್ಯೂಯಾರ್ಕ್ ನಗರದಿಂದ ಕಾರಿನಲ್ಲಿ ಸುಮಾರು ಐದು ಗಂಟೆಗಳ ಪ್ರಯಾಣ. 87ನೇ ಅಂತರರಾಜ್ಯ ಹೆದ್ದಾರಿಯ 30ನೇ ನಿರ್ಗಮನದಲ್ಲಿ ಇಳಿದು, 73ನೇ ರಸ್ತೆ ಹಿಡಿದು, ಲೇಕ್ ಪ್ಲಾಸಿಡ್ ಊರಿಗೆ ಕೆಲವು ಮೈಲಿ ಮೊದಲೇ ಎಡಕ್ಕೆ ಅಡಿರಾಂಡ್ಯಾಕ್ ಲಾಜ್ ರಸ್ತೆಗೆ ತಿರುಗಿ ಅದರ ಕೊನೆಯವರೆಗೆ ಹೋಗಬೇಕು. 73ನೇ ರಸ್ತೆ ಬೆಟ್ಟ ಮತ್ತು ಕೆರೆಗಳ ನಡುವೆ ಇಕ್ಕಟ್ಟಾಗಿ ಸಾಗುವುದರಿಂದ ಚಳಿಗಾಲದ ಟೈರುಗಳಿಲ್ಲದೆ ಹೊರಡುವುದು ಬೇಡ. ನಿಲುಗಡೆಗೆ ಶುಲ್ಕವಿದೆ, ವಾರಾಂತ್ಯದಲ್ಲಿ ಜಾಗ ಬೇಗ ತುಂಬುತ್ತದೆ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲಾಗುತ್ತದೆ. ಆದ್ದರಿಂದ ಬೆಳಿಗ್ಗೆ ಎಂಟಕ್ಕೆಲ್ಲ ಅಲ್ಲಿರುವುದು ಒಳ್ಳೆಯದು. ತಲೆಗೆ ಕಟ್ಟುವ ದೀಪವಂತೂ ಚೀಲದಲ್ಲಿ ಇರಲೇಬೇಕು.

ಪಕ್ಕದಲ್ಲೇ ಇರುವ ಹೈ ಪೀಕ್ಸ್ ಅರಣ್ಯ ಪ್ರದೇಶದಲ್ಲಿ ಎಂಟು ಅಂಗುಲ ಅಥವಾ ಅದಕ್ಕಿಂತ ಹೆಚ್ಚು ಹಿಮವಿದ್ದಾಗ ಸ್ನೋಶೂ ಇಲ್ಲವೇ ಸ್ಕೀ ಬಳಸುವುದು ಕಡ್ಡಾಯ. ಮೌಂಟ್ ಜೋ ಹಾದಿಯಲ್ಲೂ ಅದೇ ಶಿಸ್ತನ್ನು ಪಾಲಿಸುವುದು ಸರಿ. ಬರಿಯ ಬೂಟಿನಲ್ಲಿ ನಡೆದವರ ಕಾಲು ಮೊಣಕಾಲಿನವರೆಗೆ ಹೂತು ಕುಳಿ ಬೀಳುತ್ತದೆ, ರಾತ್ರಿ ಆ ಕುಳಿ ಗಟ್ಟಿಯಾಗುತ್ತದೆ, ಮರುದಿನ ಬರುವವರ ಕಾಲು ಅದರಲ್ಲಿ ಹೊರಳುತ್ತದೆ. ಸ್ನೋಶೂ ಇಲ್ಲದವರಿಗೆ ನಿಲುಗಡೆಯ ಪಕ್ಕದ ಮಾಹಿತಿ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದೆ.

ಆರಿಸುವಾಗ ಉದ್ದಕ್ಕಿಂತ ಅಡಿಭಾಗವನ್ನು ನೋಡಬೇಕು. ಆಗಲೇ ತುಳಿದು ಗಟ್ಟಿಯಾದ ಈ ಹಾದಿಗೆ ಉದ್ದನೆಯ ಸ್ನೋಶೂ ಹೊರೆಯೇ ಸರಿ. ಬೆರಳುಗಳ ಬುಡದ ಕೆಳಗೆ ಬಲವಾದ ಲೋಹದ ಹಲ್ಲುಗಳೂ, ಹಿಮ್ಮಡಿಯ ಕೆಳಗೆ ಎತ್ತಿ ನಿಲ್ಲಿಸಬಹುದಾದ ಕಂಬಿಯೂ ಇರುವ ಚಿಕ್ಕ ಜೋಡಿ ಸಾಕು. ಕಡಿದಾದ ಕಡೆ ಆ ಕಂಬಿಯನ್ನು ಎತ್ತಿಟ್ಟರೆ ಹಿಮ್ಮಡಿ ಅದರ ಮೇಲೆ ಊರಿ, ಮೆಟ್ಟಿಲು ಹತ್ತಿದಂತೆ ಪಾದ ಸಮವಾಗಿ ನಿಲ್ಲುತ್ತದೆ, ಮೀನಖಂಡದ ನೋವು ತಪ್ಪುತ್ತದೆ. ಪಟ್ಟಿಗಳನ್ನು ಕಾರಿನ ಬಳಿಯೇ, ಬೆರಳು ಬೆಚ್ಚಗಿರುವಾಗಲೇ ಬಿಗಿದು, ಐದು ನಿಮಿಷ ನಡೆದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ನಡೆಯುವಾಗ ಕಾಲುಗಳ ನಡುವೆ ಸ್ವಲ್ಪ ಹೆಚ್ಚು ಅಂತರವಿರಲಿ. ಹಿಂದಕ್ಕೆ ಹೆಜ್ಜೆ ಇಟ್ಟರೆ ಸ್ನೋಶೂವಿನ ಬಾಲ ಹಿಮದಲ್ಲಿ ನೆಟ್ಟುಕೊಂಡು ಬೀಳಿಸುತ್ತದೆ, ಆದ್ದರಿಂದ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಸುತ್ತು ಬಂದೇ ತಿರುಗಬೇಕು.

ಹಾದಿಯ ಆರಂಭದ ದಾಖಲೆ ಪುಸ್ತಕದಲ್ಲಿ ಹೆಸರು ಬರೆದು ಮುಂದೆ ಹೋದರೆ ಹಾರ್ಟ್ ಲೇಕ್ ಎಂಬ ಕೆರೆ ಸಿಗುತ್ತದೆ. ಹಾದಿ ಏರತೊಡಗಿದ ಮೇಲೆ ಎರಡು ಕವಲಾಗುತ್ತದೆ: ಬಂಡೆಗಳ ನಡುವೆ ನೇರವಾಗಿ ಏರುವ ಕಿರುಹಾದಿ ಮತ್ತು ಸುತ್ತಿಕೊಂಡು ಹೋಗುವ ನೀಳಹಾದಿ. ಕಿರುಹಾದಿಯಲ್ಲಿ ಹತ್ತಿ ನೀಳಹಾದಿಯಲ್ಲಿ ಇಳಿಯಿರಿ ಎನ್ನುವುದು ನನ್ನ ಸಲಹೆ, ಏಕೆಂದರೆ ಸ್ನೋಶೂವಿನ ಹಲ್ಲುಗಳು ಏರುವಾಗ ಕಚ್ಚುವಷ್ಟು ಚೆನ್ನಾಗಿ ಇಳಿಯುವಾಗ ಕಚ್ಚುವುದಿಲ್ಲ. ಇಳಿಯುವಾಗ ಹೆದರಿ ಹಿಂದಕ್ಕೆ ವಾಲುವುದು ಸಹಜ, ಆದರೆ ಹಾಗೆ ವಾಲಿದೊಡನೆ ಮುಂಭಾಗದ ಹಲ್ಲುಗಳು ಮೇಲೆದ್ದು ಜಾರುವುದು ಖಚಿತ. ಮೊಣಕಾಲು ಬಾಗಿಸಿ ಭಾರವನ್ನು ಪಾದದ ನಡುವೆಯೇ ಇಡಬೇಕು. ಹಾದಿ ಬಿಟ್ಟು ಸ್ಪ್ರೂಸ್ ಮರಗಳ ಬುಡದತ್ತ ಹೋಗಬಾರದು. ಕೆಳಗಿನ ಕೊಂಬೆಗಳು ಹಿಮವನ್ನು ತಡೆದು ಬುಡದ ಸುತ್ತ ಪೊಳ್ಳು ಉಳಿಸಿರುತ್ತವೆ, ಮೇಲಿನಿಂದ ಅದು ಕಾಣುವುದಿಲ್ಲ. ಸೊಂಟದವರೆಗೆ ಕುಸಿದವರ ಸ್ನೋಶೂ ಕೊಂಬೆಗಳಡಿ ಸಿಕ್ಕಿಕೊಂಡರೆ ಒಬ್ಬರೇ ಮೇಲೇಳುವುದು ಬಹಳ ಕಷ್ಟ.

ಚಳಿಗೆ ಹೆದರಿ ಮೈತುಂಬ ಹೊದ್ದುಕೊಂಡು ಹೊರಡುವವರೇ ನೆತ್ತಿಯ ಮೇಲೆ ಹೆಚ್ಚು ನಡುಗುವುದು. ಹತ್ತುವಾಗ ಬೆವರಿದ ಬಟ್ಟೆ ನಿಂತೊಡನೆ ತಣ್ಣಗಾಗಿ ಮೈಯ ಶಾಖವನ್ನು ಹೀರುತ್ತದೆ. ಹತ್ತಿ ಬಟ್ಟೆಯನ್ನು ಮನೆಯಲ್ಲೇ ಬಿಟ್ಟು, ಹೊರಡುವಾಗ ಸ್ವಲ್ಪ ಚಳಿ ಎನಿಸುವಷ್ಟೇ ತೊಟ್ಟು, ದಪ್ಪನೆಯ ಜಾಕೆಟ್ಟನ್ನೂ ಒಂದು ಜೊತೆ ಒಣ ಕೈಗವಸನ್ನೂ ಚೀಲದಲ್ಲಿಟ್ಟುಕೊಳ್ಳಬೇಕು. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡುವುದು ಒಳ್ಳೆಯ ಉಪಾಯ, ಏಕೆಂದರೆ ಮಂಜುಗಡ್ಡೆ ಮೇಲ್ಭಾಗದಲ್ಲೇ ಮೊದಲು ಕಟ್ಟುವುದರಿಂದ ಮುಚ್ಚಳದ ಕಡೆ ನೀರು ಉಳಿಯುತ್ತದೆ. ನಳಿಕೆಯಿಂದ ಹೀರುವ ನೀರಿನ ಚೀಲ ಇಲ್ಲಿ ನಿರುಪಯೋಗಿ. ಫೋನು ಒಳಜೇಬಿನಲ್ಲಿರಲಿ, ಹೊರಗಿದ್ದರೆ ಬ್ಯಾಟರಿ ಬೇಗ ಕುಸಿಯುತ್ತದೆ.

ನೆತ್ತಿಯಲ್ಲಿ ಗಾಳಿ ಹಿಮವನ್ನು ಗುಡಿಸಿಬಿಟ್ಟಿರುವುದರಿಂದ ಬಂಡೆಯೂ ಮಂಜುಗಡ್ಡೆಯೂ ಬಯಲಾಗಿರುತ್ತವೆ. ಅಲ್ಲಿ ಸ್ನೋಶೂ ಬಿಚ್ಚಿ ಬೂಟಿಗೆ ಮೈಕ್ರೋಸ್ಪೈಕ್ ಎಂಬ ಸಣ್ಣ ಲೋಹದ ಮೊಳೆಗಳ ಜೋಡಣೆಯನ್ನು ಹಾಕಿಕೊಳ್ಳುವುದು ಕ್ಷೇಮ. ಎದುರಿಗೆ 5,114 ಅಡಿಯ ಆಲ್ಗಾಂಕ್ವಿನ್, ಅದರ ಎಡಕ್ಕೆ ಕೋಲ್ಡನ್, ಕೆಳಗೆ ಬಿಳಿಯ ಬಯಲಾಗಿ ಮಾರ್ಪಟ್ಟ ಹಾರ್ಟ್ ಲೇಕ್. ಇಷ್ಟು ಸಣ್ಣ ಏರಿಗೆ ಇಷ್ಟು ದೊಡ್ಡ ನೋಟ ದೊರೆಯುವ ಜಾಗಗಳು ಕಡಿಮೆ. ಕೆರೆಯ ಬಳಿ ಮೊದಲ ವಸತಿಗೃಹ ಕಟ್ಟಿಸಿದ ಹೆನ್ರಿ ವ್ಯಾನ್ ಹೋವೆನ್‌ಬರ್ಗ್, ಮದುವೆಗೆ ಮೊದಲೇ ತೀರಿಕೊಂಡ ತನ್ನ ಪ್ರೇಯಸಿ ಜೋಸೆಫೀನ್‌ಳ ಹೆಸರನ್ನು ಈ ಬೆಟ್ಟಕ್ಕೆ ಇಟ್ಟನು. ಆ ಕಟ್ಟಡ 1903ರ ಕಾಡ್ಗಿಚ್ಚಿನಲ್ಲಿ ಸುಟ್ಟುಹೋಯಿತು. ನೋಟ ಎಷ್ಟೇ ಚೆನ್ನಾಗಿದ್ದರೂ ಗಾಳಿಯನ್ನು ಮರೆಯುವಂತಿಲ್ಲ. ಉಷ್ಣಾಂಶ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇದ್ದು ಗಂಟೆಗೆ 15 ಮೈಲಿ ಗಾಳಿ ಬೀಸಿದರೆ ಚರ್ಮಕ್ಕೆ ತಟ್ಟುವ ಚಳಿ ಮೈನಸ್ 28ರಷ್ಟಾಗುತ್ತದೆ, ತೆರೆದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು. ಜೊತೆಯವರ ಮೂಗು, ಕೆನ್ನೆಗಳ ಮೇಲೆ ಮೇಣದಂತಹ ಬಿಳಿ ಕಲೆ ಕಂಡರೆ ಉಜ್ಜದೆ, ಬೆಚ್ಚನೆಯ ಅಂಗೈಯಿಂದ ಮುಚ್ಚಿ, ಕೂಡಲೇ ಮರಗಳ ಮರೆಗೆ ಇಳಿಯಬೇಕು.

ನೀಳಹಾದಿಯಲ್ಲಿ ಇಳಿಯುವುದೂ ಸೇರಿ ಒಟ್ಟು ಎರಡೂವರೆಯಿಂದ ಮೂರು ಗಂಟೆ ಹಿಡಿಯಬಹುದು. ಮಕ್ಕಳಿದ್ದರೆ ಇನ್ನೊಂದು ಗಂಟೆ ಸೇರಿಸಿಕೊಳ್ಳಿ. ಕೆಳಗೆ ಬಂದ ಮೇಲೆ ದಾಖಲೆ ಪುಸ್ತಕದಲ್ಲಿ ಮರಳಿ ಬಂದ ಗುರುತು ಹಾಕುವುದನ್ನು ಮರೆಯಬೇಡಿ, ಹಾಗೆಯೇ ಬಾಡಿಗೆಯ ಸ್ನೋಶೂ ಹಿಂದಿರುಗಿಸುವ ಮುನ್ನ ಮಾಹಿತಿ ಕೇಂದ್ರ ಎಷ್ಟು ಹೊತ್ತಿಗೆ ಮುಚ್ಚುತ್ತದೆಂಬುದನ್ನು ಬೆಳಿಗ್ಗೆಯೇ ಕೇಳಿಟ್ಟುಕೊಂಡಿರಿ.